ಬೆಕ್ಕು ಉಳಿಸಿದ ರೈಲಲ್ಲ

ಕಿಶಿ ನಿಲ್ದಾಣದ ಬೆಕ್ಕಿನ ಕಥೆ ಓದುಗರಿಗೆ ಹೊಸದಲ್ಲ. ಜಪಾನಿನ ವಾಕಾಯಾಮಾದಲ್ಲಿ ಮುಚ್ಚುವ ಹಂತಕ್ಕೆ ಬಂದಿದ್ದ ಒಂದು ಪುಟ್ಟ ರೈಲುಮಾರ್ಗ, ಅದರ ಕೊನೆಯ ನಿಲ್ದಾಣದಲ್ಲಿ ತಾಮಾ ಎಂಬ ಮೂರು ಬಣ್ಣದ ಹೆಣ್ಣು ಬೆಕ್ಕು, 2007ರ ಜನವರಿಯಲ್ಲಿ ಅದಕ್ಕೆ ಸ್ಟೇಷನ್ ಮಾಸ್ತರ್ ಹುದ್ದೆ, ತಲೆಯ ಅಳತೆಗೆ ಹೊಲಿಸಿದ ಟೋಪಿ, ನೋಡಲು ದೇಶವಿದೇಶಗಳಿಂದ ಜನ, ರೈಲು ಬಚಾವ್. 2015ರ ಜೂನ್‌ನಲ್ಲಿ ತಾಮಾ ಸತ್ತಾಗ ಕಂಪನಿಯೇ ಮುಂದೆ ನಿಂತು ಅಂತ್ಯಕ್ರಿಯೆ ನಡೆಸಿತು. ಸುಮಾರು 3000 ಮಂದಿ ಸೇರಿದರು, ಬೆಕ್ಕಿಗೆ ದೇವತೆಯ ಪದವಿ ಸಿಕ್ಕಿತು, ನಿಲ್ದಾಣದಲ್ಲೇ ಗುಡಿಯೂ ಎದ್ದಿತು. ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪುಗಳವರೆಗೆ ಬಂದು ಮುಟ್ಟಿದ ಕಥೆ ಇದು.

ನನ್ನ ತಕರಾರು ಬೆಕ್ಕಿನ ಮೇಲಲ್ಲ. ಆ ಪುಟ್ಟ ರೈಲುಮಾರ್ಗದ, ಅಂದರೆ ಕಿಶಿಗಾವಾ ಮಾರ್ಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ನನಗಿದೆ, ತಾಮಾಳ ಫೋಟೊಗಳನ್ನೂ ಸಾಕಷ್ಟು ನೋಡಿದ್ದೇನೆ. ತಕರಾರಿರುವುದು ‘ಬೆಕ್ಕು ರೈಲನ್ನು ಉಳಿಸಿತು’ ಎಂಬ ವಾಕ್ಯದ ಕರ್ತೃಪದದ ಬಗ್ಗೆ. ಈ ವಾಕ್ಯ ಸುಳ್ಳು ಎನ್ನುವುದಕ್ಕಿಂತಲೂ, ಅದು ಯಾರನ್ನು ಕಥೆಯಿಂದ ಹೊರಗಿಟ್ಟಿತು ಎನ್ನುವುದು ನನಗೆ ಮುಖ್ಯ. ಜಪಾನಿನ ಆಧುನಿಕ ರೈಲ್ವೆ ಚರಿತ್ರೆಯಲ್ಲಿ ಊರಿನ ಜನರೇ ಗೆದ್ದ ಹೋರಾಟಗಳು ಹೆಚ್ಚಿಲ್ಲ. ಅಂಥದ್ದೊಂದು ಗೆಲುವು ಈಗ ಸಾಕುಪ್ರಾಣಿಯ ಪವಾಡವಾಗಿ ಹಂಚಿಕೆಯಾಗುತ್ತಿದೆ.

ದಿನಾಂಕಗಳಿಂದಲೇ ಶುರುಮಾಡೋಣ, ಏಕೆಂದರೆ ಈ ಕಥೆ ಮೊದಲು ಸೋರುವುದೇ ಅಲ್ಲಿ. ವಾಕಾಯಾಮಾದಿಂದ ಕಿಶಿವರೆಗೆ 14.3 ಕಿಲೋಮೀಟರ್, 14 ನಿಲ್ದಾಣ. 1961ರಿಂದ ಈ ಮಾರ್ಗ ಒಸಾಕಾ ಮೂಲದ ದೊಡ್ಡ ಖಾಸಗಿ ರೈಲ್ವೆ ಕಂಪನಿ ನಾನ್‌ಕಾಯ್‌ನ ಕೈಯಲ್ಲಿತ್ತು. ಒಂದು ಕಾಲಕ್ಕೆ ವರ್ಷಕ್ಕೆ 30 ಲಕ್ಷ ದಾಟಿದ್ದ ಪ್ರಯಾಣಿಕರ ಸಂಖ್ಯೆ ಈ ಶತಮಾನದ ಆರಂಭದ ಹೊತ್ತಿಗೆ 20 ಲಕ್ಷಕ್ಕಿಂತ ಕೆಳಗಿಳಿದಿತ್ತು. ಕಂಪನಿ ಹೇಳುತ್ತಿದ್ದ ನಷ್ಟ ವರ್ಷಕ್ಕೆ ಸುಮಾರು 50 ಕೋಟಿ ಯೆನ್. ಮೊದಲಾಗಿದ್ದರೆ ಒಂದು ಮಾರ್ಗ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. 2000ದಲ್ಲಿ ಜಾರಿಗೆ ಬಂದ ಕಾನೂನು ತಿದ್ದುಪಡಿ ಆ ಬಾಗಿಲನ್ನು ಅಗಲ ಮಾಡಿತು: ಒಂದು ವರ್ಷ ಮುಂಚೆ ನೋಟಿಸ್ ಕೊಟ್ಟರಾಯಿತು, ಊರಿನವರ ಒಪ್ಪಿಗೆ ಬೇಕಿಲ್ಲ. 2003ರಲ್ಲಿ ನಾನ್‌ಕಾಯ್ ಕೈಬಿಡುವ ಮಾತೆತ್ತಿತು, 2004ರ ಸೆಪ್ಟೆಂಬರ್ ಕೊನೆಗೆ ನೋಟಿಸ್ ಸಲ್ಲಿಸಿತು. ಗಮನಿಸಿ, ಬೆಕ್ಕಿಗೆ ಟೋಪಿ ಬರಲು ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲವಿದೆ. ರೈಲು ಸಾಯಬೇಕಿದ್ದ ಸಮಯ ಇದು, ಸಾಯದೆ ಉಳಿದದ್ದೂ ಇದೇ ಅವಧಿಯಲ್ಲಿ.

ಈ ಎರಡು ವರ್ಷಗಳಲ್ಲಿ ನಡೆದದ್ದು ಫೋಟೊಗೆ ಸಿಗುವಂಥದ್ದಲ್ಲ. ಮಾರ್ಗದ ಆಸುಪಾಸಿನವರು ಸಂಘ ಕಟ್ಟಿದರು. ವರ್ಷಕ್ಕೆ 1000 ಯೆನ್ ಚಂದಾ, ಆರು ಸಾವಿರಕ್ಕೂ ಹೆಚ್ಚು ಸದಸ್ಯರು. ಮುಚ್ಚುವುದನ್ನು ‘ವಿರೋಧಿಸುವ’ ಸಂಘ ಎಂದು ಹೆಸರಿಡದೆ, ಕಿಶಿಗಾವಾ ಮಾರ್ಗದ ಭವಿಷ್ಯವನ್ನು ‘ಕಟ್ಟುವ’ ಸಂಘ ಎಂದು ಕರೆದುಕೊಂಡರು. ಇನ್ನೊಂದು ನಾಗರಿಕ ಗುಂಪು ಕಣ್ಣೀರಿನ ಬದಲು ಲೆಕ್ಕ ಹಿಡಿದು ಕೂತಿತು. ರೈಲು ನಿಂತರೆ ಅದರ ಪ್ರಯಾಣಿಕರು ರಸ್ತೆಗಿಳಿಯುತ್ತಾರೆ, ರಸ್ತೆಯ ದಟ್ಟಣೆ ಹೆಚ್ಚುತ್ತದೆ, ಎಲ್ಲರ ಸಮಯ ಪೋಲಾಗುತ್ತದೆ. ಇದನ್ನೆಲ್ಲ ಹಣಕ್ಕೆ ತಿರುಗಿಸಿ, ರೈಲಿನ ನಷ್ಟದ ಪಕ್ಕದಲ್ಲಿಟ್ಟು ತೂಗಿದ ವೆಚ್ಚ–ಪ್ರಯೋಜನ ವಿಶ್ಲೇಷಣೆ ಅದು. ಕಂಪನಿಯ ಖಾತೆಯಲ್ಲಿ ನಷ್ಟವಾಗಿ ಕಾಣುವುದು ಊರಿನ ಖಾತೆಯಲ್ಲಿ ಲಾಭವಾಗಿರಬಹುದು ಎಂಬ ವಾದವನ್ನು ಸ್ಥಳೀಯರೇ ಅಂಕಿಗಳಲ್ಲಿ ಮುಂದಿಟ್ಟರು. ಇಡೀ ಪ್ರಸಂಗದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಬರವಣಿಗೆ ಈ ವಿಶ್ಲೇಷಣೆಯೇ. ಇದರ ಬಗ್ಗೆ ಯಾರೂ ಮಕ್ಕಳ ಪುಸ್ತಕ ಬರೆಯುವುದಿಲ್ಲ, ನಿಜ.

2005ರ ಫೆಬ್ರವರಿಯಲ್ಲಿ ವಾಕಾಯಾಮಾ ಪ್ರಾಂತ, ವಾಕಾಯಾಮಾ ನಗರ ಮತ್ತು ಆಗಿನ ಕಿಶಿಗಾವಾ ಪಟ್ಟಣ (ಈಗ ಅದು ಕಿನೊಕಾವಾ ನಗರದ ಭಾಗ) ಒಂದು ಒಪ್ಪಂದಕ್ಕೆ ಬಂದವು. ಹಳಿಯ ಕೆಳಗಿನ ನೆಲವನ್ನು ಸ್ಥಳೀಯ ಆಡಳಿತಗಳು ಕೊಳ್ಳುವುದು, ಅದರ ದುಡ್ಡನ್ನು ಪ್ರಾಂತ ಕೊಡುವುದು. ರೈಲು ಓಡಿಸುವ ಹೊಸ ಸಂಸ್ಥೆಗೆ ಹತ್ತು ವರ್ಷಗಳಲ್ಲಿ 82 ಕೋಟಿ ಯೆನ್‌ವರೆಗಿನ ನಷ್ಟವನ್ನು ನಗರ ಮತ್ತು ಪಟ್ಟಣ ತುಂಬಿಕೊಡುವುದು. ಆಮೇಲೆ ರೈಲು ಓಡಿಸುವವರಿಗಾಗಿ ಬಹಿರಂಗ ಅರ್ಜಿ ಕರೆದರು. ಒಂಬತ್ತು ಅರ್ಜಿಗಳು ಬಂದವು, ಒಕಾಯಾಮಾದ ಟ್ರಾಮ್ ಕಂಪನಿ ಆಯ್ಕೆಯಾಯಿತು. ತನ್ನ ಊರಿನಲ್ಲಿ 4.7 ಕಿಲೋಮೀಟರ್ ಟ್ರಾಮ್ ಓಡಿಸುತ್ತಿದ್ದ, ರ್ಯೋಬಿ ಎಂಬ ಸಾರಿಗೆ ಸಮೂಹಕ್ಕೆ ಸೇರಿದ ಕಂಪನಿ. ಅದು ವಾಕಾಯಾಮಾ ಎಲೆಕ್ಟ್ರಿಕ್ ರೈಲ್ವೆ ಎಂಬ ಮರಿ ಸಂಸ್ಥೆ ಹುಟ್ಟುಹಾಕಿ 2006ರ ಏಪ್ರಿಲ್ 1ರಂದು ರೈಲು ಓಡಿಸತೊಡಗಿತು. ಒಂದು ದಿನವೂ ಸೇವೆ ನಿಲ್ಲಲಿಲ್ಲ. ‘ಉಳಿಯಿತು’ ಎಂಬ ಕ್ರಿಯಾಪದಕ್ಕೆ ದಿನಾಂಕ ಹಾಕಲೇಬೇಕೆಂದರೆ ನಾನು ಈ ದಿನಾಂಕ ಹಾಕುತ್ತೇನೆ.

ಇನ್ನು ಅಂಕಿಗಳ ವಿಷಯ. ಬೆಕ್ಕಿನ ಪಕ್ಷದವರು ಎರಡು ಸಂಖ್ಯೆಗಳನ್ನು ಸದಾ ಮುಂದಿಡುತ್ತಾರೆ. ತಾಮಾ ಅಧಿಕಾರ ವಹಿಸಿಕೊಂಡ ತಿಂಗಳು ಪ್ರಯಾಣಿಕರ ಸಂಖ್ಯೆ ಹಿಂದಿನ ವರ್ಷದ ಜನವರಿಗಿಂತ ಶೇ. 17ರಷ್ಟು ಹೆಚ್ಚಿತ್ತು, 2007ರ ಮಾರ್ಚ್‌ಗೆ ಮುಗಿದ ಇಡೀ ಆರ್ಥಿಕ ವರ್ಷದಲ್ಲಿ ಶೇ. 10ರಷ್ಟು ಏರಿಕೆಯಾಯಿತು. ಎರಡನೆಯ ಸಂಖ್ಯೆಯನ್ನು ನಿಧಾನವಾಗಿ ಓದಿ. ಆ ಆರ್ಥಿಕ ವರ್ಷ ಶುರುವಾದದ್ದು 2006ರ ಏಪ್ರಿಲ್‌ನಲ್ಲಿ. ಅದರ ಹನ್ನೆರಡು ತಿಂಗಳಲ್ಲಿ ಒಂಬತ್ತು ತಿಂಗಳು ಬೆಕ್ಕಿಗೆ ಹುದ್ದೆಯೇ ಇರಲಿಲ್ಲ. ವರ್ಷಕ್ಕೆ 19 ಲಕ್ಷದ ಆಸುಪಾಸಿನಲ್ಲಿದ್ದ ಪ್ರಯಾಣಿಕರು 21 ಲಕ್ಷ ದಾಟಿದರು. ಕೊನೆಯ ಮೂರು ತಿಂಗಳ ಬೆಕ್ಕು ಇಡೀ ವರ್ಷದ ಏರಿಕೆಯನ್ನು ತಂದಿತು ಎನ್ನಲು ಗಣಿತ ಒಪ್ಪುವುದಿಲ್ಲ. ಹೊಸ ಆಡಳಿತ, ಸಂಘದವರ ‘ಹತ್ತಿ ಉಳಿಸೋಣ’ ಪ್ರಚಾರ, ವರ್ಷಕ್ಕೆ 25 ಲಕ್ಷ ಪ್ರಯಾಣಿಕರ ಗುರಿ, 2006ರ ಆಗಸ್ಟ್‌ನಲ್ಲಿ ಓಡತೊಡಗಿದ ಸ್ಟ್ರಾಬೆರಿ ರೈಲು, ಇವೆಲ್ಲ ಆಗಲೇ ಕೆಲಸ ಮಾಡುತ್ತಿದ್ದವು.

ಮೂರನೆಯದು ಇನ್ನೂ ಪ್ರಸಿದ್ಧ ಅಂಕಿ: ತಾಮಾಳಿಂದ ಒಂದೇ ವರ್ಷದಲ್ಲಿ 110 ಕೋಟಿ ಯೆನ್ ಆರ್ಥಿಕ ಪರಿಣಾಮ. ಕನ್ಸಾಯ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಮಿಯಾಮೊಟೊ ಕತ್ಸುಹಿರೊ ಅವರ ಅಂದಾಜು ಇದು. ಅಂದಾಜಿನ ವಿಧಾನದ ಬಗ್ಗೆ ನನ್ನ ಜಗಳವಿಲ್ಲ. ಆದರೆ ‘ಆರ್ಥಿಕ ಪರಿಣಾಮ’ ಎಂದರೆ ಪ್ರವಾಸಿ ಕೊಂಡ ಊಟ, ಉಳಿದ ಹೋಟೆಲು, ಮಾಧ್ಯಮದಲ್ಲಿ ಸಿಕ್ಕ ಪ್ರಚಾರದ ಬೆಲೆ ಎಲ್ಲ ಸೇರಿದ ಮೊತ್ತ. ಅದು ರೈಲ್ವೆಯ ಗಲ್ಲಾಪೆಟ್ಟಿಗೆಗೆ ಬಿದ್ದ ಹಣವಲ್ಲ. ಬೆಕ್ಕಿನ ಖ್ಯಾತಿ ಉತ್ತುಂಗದಲ್ಲಿದ್ದ ವರ್ಷಗಳಲ್ಲೂ ಕಂಪನಿಗೆ ಆಡಳಿತಗಳ ಸಹಾಯಧನ ಬೇಕೇ ಇತ್ತು. ವಿಚಿತ್ರ ನೋಡಿ, ರೈಲು ಊರಿಗೆ ತರುವ ಲಾಭ ರೈಲಿನ ಖಾತೆಯಲ್ಲಿ ಕಾಣುವುದಿಲ್ಲ ಎಂದು 2005ರಲ್ಲಿ ನಾಗರಿಕರು ಹೇಳಿದ್ದ ವಾದವೇ ಇದು. ಶಾಲೆಗೆ ಹೋಗುವ ಹುಡುಗರ ಲೆಕ್ಕದಲ್ಲಿ ಯಾರಿಗೂ ರುಚಿಸದ ವಾದ ಬೆಕ್ಕಿನ ಲೆಕ್ಕದಲ್ಲಿ ಜಗತ್ತಿಗೆಲ್ಲ ರುಚಿಸಿತು.

ಈ ಶಾಲೆಯ ಹುಡುಗರ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಿಶಿಗಾವಾ ಮಾರ್ಗ ಓಡುವುದು ಎರಡು ಡಬ್ಬಿಗಳ ರೈಲುಗಳಿಂದ, ಗಾರ್ಡ್ ಇಲ್ಲ, ಚಾಲಕನೊಬ್ಬನೇ. ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ಗಂಟೆ ಚಿಲ್ಲರೆ. ಬೆಳಿಗ್ಗೆ ಅದನ್ನು ತುಂಬುವವರು ಪಾಸ್ ಇಟ್ಟುಕೊಂಡ ಉದ್ಯೋಗಿಗಳು ಮತ್ತು ಹೈಸ್ಕೂಲು ವಿದ್ಯಾರ್ಥಿಗಳು. ನಿಚಿಜೆಂಗು ನಿಲ್ದಾಣದ ಬಳಿಯ ಕೊಯೊ ಹೈಸ್ಕೂಲಿನಂಥ ಶಾಲೆಗಳಿಗೆ ಹೋಗುವವರು. ಕೊತ್ಸು ಸೆಂಟರ್‌ಮಯೆ ಎಂಬ ನಿಲ್ದಾಣವಂತೂ 1999ರಲ್ಲಿ ಬಂದದ್ದೇ ಪಕ್ಕದಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುವ ಸರ್ಕಾರಿ ಕೇಂದ್ರವಿದೆ ಎಂದು. ಕಾರು ಓಡಿಸುವ ಪರವಾನಗಿ ತೆಗೆದುಕೊಳ್ಳಲು ರೈಲಿನಲ್ಲಿ ಹೋಗುವುದು! ಹಳ್ಳಿಗಾಡಿನ ರೈಲಿನ ದುರಂತವನ್ನು ಇಷ್ಟು ಚೆನ್ನಾಗಿ ಹೇಳುವ ನಿಲ್ದಾಣ ಬೇರೆ ಇರಲಾರದು. ಪ್ರವಾಸಿ ಬರಹಗಳು ಇದನ್ನು ದಾಟಿ ನೇರ ಕಿಶಿಗೆ ಹೋಗುತ್ತವೆ.

ಸರಿ, ಕಿಶಿಗೇ ಹೋಗೋಣ. ಬೆಕ್ಕು ಅಲ್ಲಿ ಸ್ಟೇಷನ್ ಮಾಸ್ತರ್ ಆದದ್ದು ಹೇಗೆ? ಇಲ್ಲಿ ಜನಪ್ರಿಯ ನಿರೂಪಣೆ ಎರಡು ವಿವರಗಳನ್ನು ನುಂಗುತ್ತದೆ. ಮೊದಲನೆಯದು: ಹೊಸ ಕಂಪನಿ ಬಂದಾಗ ಖರ್ಚು ಉಳಿಸಲು ಕಿಶಿಯಲ್ಲಿ ಸಿಬ್ಬಂದಿ ಇಲ್ಲದಂತಾಯಿತು. ಮಾಸ್ತರ್ ಹುದ್ದೆಗೆ ಮನುಷ್ಯರಿದ್ದಿದ್ದರೆ ಬೆಕ್ಕಿಗೆ ಆ ಟೋಪಿ ಸಿಗುತ್ತಿರಲಿಲ್ಲ. ಸಂಬಳ ವರ್ಷವಿಡೀ ಬೆಕ್ಕಿನ ಆಹಾರ ಎಂಬ ತಮಾಷೆಯನ್ನು ಎಲ್ಲರೂ ಹೇಳುತ್ತಾರೆ. ಆ ತಮಾಷೆ ನಗು ತರಿಸುವುದು ಸಂಬಳದ ನೌಕರನ ಜಾಗ ಖಾಲಿ ಇರುವುದರಿಂದ. ಜಪಾನಿನ ಸಣ್ಣ ಮಾರ್ಗಗಳಲ್ಲಿ ಸಿಬ್ಬಂದಿ ಇಲ್ಲದ ನಿಲ್ದಾಣ ಮಾಮೂಲಿ, ಅದಕ್ಕೆ ಕಂಪನಿಯನ್ನು ದೂರುವುದು ನ್ಯಾಯವಲ್ಲ. ಆದರೆ ಕೊರತೆಯೊಂದನ್ನು ಮುದ್ದಿನ ಚಿತ್ರವಾಗಿಸಿದ್ದನ್ನು ಕೊರತೆಯ ಪರಿಹಾರ ಎಂದು ಓದುವುದು ವಿಮರ್ಶೆಯ ಸೋಲು.

ಎರಡನೆಯ ವಿವರ ಇನ್ನೂ ಸ್ವಾರಸ್ಯದ್ದು. ತಾಮಾ ನಿಲ್ದಾಣದ ಪಕ್ಕದ ಅಂಗಡಿಯವರು ಸಾಕಿದ ಬೆಕ್ಕು. ಅದರ ಗೂಡು ಇದ್ದ ಜಾಗ, ನಾನ್‌ಕಾಯ್‌ನಿಂದ ಮಾರ್ಗ ಕೈಬದಲಾಗುವಾಗ, ಸ್ಥಳೀಯ ಆಡಳಿತದ ಪಾಲಿಗೆ ಬಂತು. ಸಾರ್ವಜನಿಕ ಜಾಗದಲ್ಲಿ ಬೆಕ್ಕಿನ ಗೂಡು ಇರುವಂತಿಲ್ಲ, ತೆಗೆಯಿರಿ ಎಂದಾಯಿತು. ಆಗ ಸಾಕಿದವರು ಹೊಸ ಕಂಪನಿಯ ಮುಖ್ಯಸ್ಥ ಕೊಜಿಮಾ ಮಿತ್ಸುನೊಬು ಅವರನ್ನು ಕೇಳಿಕೊಂಡರು: ಬೆಕ್ಕುಗಳು ನಿಲ್ದಾಣದೊಳಗೆ ಇರಲು ಬಿಡಿ. ಕೊಜಿಮಾ ತಾಮಾಳ ಮುಖ ನೋಡಿದರು, ಟೋಪಿ ಹಾಕಿದರೆ ಹೇಗಿರುತ್ತದೆ ಎಂಬುದು ಅವರ ಕಣ್ಣಿಗೆ ಕಟ್ಟಿತು. ಅಂದರೆ ನೆಲ ಸಾರ್ವಜನಿಕರ ಕೈಗೆ ಬಂದದ್ದರಿಂದಲೇ ಬೆಕ್ಕು ನಿಲ್ದಾಣದೊಳಕ್ಕೆ ಬಂತು. ರೈಲನ್ನು ಉಳಿಸಿದ ಹಸ್ತಾಂತರದ ಒಂದು ಅಡ್ಡಪರಿಣಾಮ ತಾಮಾ. ಕಾರಣ ಮತ್ತು ಕಾರ್ಯದ ಕ್ರಮವನ್ನು ಇಷ್ಟು ಪೂರ್ತಿಯಾಗಿ ತಿರುಗಿಸಿ ಹೇಳಿದ ಜನಪ್ರಿಯ ಕಥೆ ನನಗೆ ಇನ್ನೊಂದು ನೆನಪಾಗುತ್ತಿಲ್ಲ.

ಪ್ರತಿವಾದ ಇದೆ, ಅದು ಹಗುರವಾದದ್ದೂ ಅಲ್ಲ. ಪಾಸಿನವರು ಬೆಳಿಗ್ಗೆ ಮತ್ತು ಸಂಜೆ ಬರುತ್ತಾರೆ, ರಿಯಾಯಿತಿ ದರದಲ್ಲಿ. ಮಧ್ಯಾಹ್ನ ಡಬ್ಬಿ ಖಾಲಿ, ಚಾಲಕನಿಗೂ ವಿದ್ಯುತ್ತಿಗೂ ಖರ್ಚು ಅಷ್ಟೇ. ಬೆಕ್ಕು ನೋಡಲು ಬರುವ ಪ್ರವಾಸಿ ಆ ಖಾಲಿ ಹೊತ್ತಿನಲ್ಲಿ, ಪೂರ್ತಿ ದರ ಕೊಟ್ಟು, ಮೊದಲ ನಿಲ್ದಾಣದಿಂದ ಕೊನೆಯವರೆಗೆ ಹೋಗಿ ಹಿಂದಿರುಗುತ್ತಾನೆ. ರೈಲ್ವೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಪ್ರಯಾಣಿಕನಿಲ್ಲ. ಇದನ್ನು ಒಪ್ಪುತ್ತೇನೆ. ಹಾಂಗ್‌ಕಾಂಗ್, ತೈವಾನ್‌ಗಳಿಂದ ಜನ ಬರುವ ಮಾರ್ಗವನ್ನು ಮುಚ್ಚುತ್ತೇವೆ ಎನ್ನಲು ಯಾವ ಮೇಯರಿಗೂ ಧೈರ್ಯ ಸಾಲದು ಎಂಬ ರಾಜಕೀಯ ಲಾಭವನ್ನೂ ಒಪ್ಪುತ್ತೇನೆ. ಆದರೆ ಪ್ರವಾಸಿಗೆ ಆಯ್ಕೆಯಿದೆ, ಈ ವರ್ಷ ಬೆಕ್ಕು, ಮುಂದಿನ ವರ್ಷ ಇನ್ನೇನೋ. ಕೋವಿಡ್ ಬಂದಾಗ ಹೊರದೇಶದ ಪ್ರಯಾಣಿಕರು ಒಮ್ಮೆಗೇ ಮಾಯವಾದರು. ಬೆಳಗಿನ ರೈಲು ಶಾಲೆ ತೆರೆದ ದಿನವೇ ಮತ್ತೆ ಬೇಕಾಯಿತು. ಬೆಕ್ಕು ಒಗ್ಗರಣೆ, ನಾನು ಕೇಳುತ್ತಿರುವುದು ಅನ್ನದ ಮಾತು.

ರೈಲುಪ್ರಿಯರಲ್ಲಿ ಇನ್ನೊಂದು ಪಂಥವಿದೆ, ಅವರ ಜೊತೆಗೂ ನನಗೆ ಹೊಂದುವುದಿಲ್ಲ. ಬೆಕ್ಕು, ಸ್ಟ್ರಾಬೆರಿ, ಆಟಿಕೆ ಎಂದು ರೈಲನ್ನು ಜಾತ್ರೆ ಮಾಡಿಬಿಟ್ಟರು, ಹಿಂದಿನ ಸಾದಾ ಲೋಕಲ್ ಮಾರ್ಗವೇ ಚೆಂದವಿತ್ತು ಎನ್ನುವವರು. ಚರಿತ್ರೆ ಇವರ ಪರವಾಗಿಲ್ಲ. 1916ರಲ್ಲಿ ಈ ಮಾರ್ಗದ ಮೊದಲ ತುಂಡು ಹಾಕಿದ್ದೇ ನಿಚಿಜೆಂಗು, ಕಾಮಾಯಾಮಾ, ಇದಾಕಿಸೊ ಎಂಬ ಮೂರು ದೇವಸ್ಥಾನಗಳಿಗೆ ಹೋಗುವ ಭಕ್ತರನ್ನು ನಂಬಿ. ಕಿಶಿವರೆಗೆ ಅದು ಮುಟ್ಟಿದ್ದು 1933ರಲ್ಲಿ. ಯಾತ್ರಿಕರ ದುಡ್ಡಿನಿಂದ ಹುಟ್ಟಿದ ಮಾರ್ಗ ಆಮೇಲೆ ಪಾಸಿನವರ ಮಾರ್ಗವಾಯಿತು. ಕಿಶಿಯಲ್ಲಿ ತಾಮಾಳ ಗುಡಿ ಎದ್ದ ಮೇಲೆ ದರ್ಶನದ ಸ್ಥಳ ಮೂರಿದ್ದದ್ದು ನಾಲ್ಕಾಯಿತು, ಅಷ್ಟೇ. ಶುದ್ಧ ಲೋಕಲ್ ಎಂಬುದು ನಗರದವರ ಹಂಬಲ.

ರೈಲುಗಳ ವಿನ್ಯಾಸದ ಬಗ್ಗೆಯೂ ಒಂದು ಮಾತು. ಹಳೆಯ ನಾನ್‌ಕಾಯ್ ಡಬ್ಬಿಗಳಿಗೆ ಹೊಸ ರೂಪ ಕೊಟ್ಟವರು ಮಿತೋಕಾ ಎಯ್ಜಿ, ಕ್ಯೂಷೂ ದ್ವೀಪದ ಐಷಾರಾಮಿ ರೈಲು ‘ನಾನಾತ್ಸುಬೊಶಿ’ಯ ವಿನ್ಯಾಸಕ. 2009ರಲ್ಲಿ ಬಂದ ಅವರ ತಾಮಾ ರೈಲಿನ ಮೈಮೇಲೆ ಬೆಕ್ಕಿನ 101 ಚಿತ್ರಗಳಿವೆ: ಓಡುವ ತಾಮಾ, ಮಲಗಿದ ತಾಮಾ, ಕುಣಿಯುವ ತಾಮಾ. 2010ರಲ್ಲಿ ಅವರು ಕಟ್ಟಿದ ಕಿಶಿ ನಿಲ್ದಾಣದ ಮಾಡು ಸೈಪ್ರಸ್ ತೊಗಟೆಯದು, ದೇವಸ್ಥಾನಗಳಿಗೆ ಬಳಸುವ ಸಾಂಪ್ರದಾಯಿಕ ಕೌಶಲ. ದೂರದಿಂದ ಅದು ಬೆಕ್ಕಿನ ಮುಖದಂತೆ ಕಾಣುತ್ತದೆ. ಕುಶಲತೆಗೆ ನಾನು ತಲೆಬಾಗುತ್ತೇನೆ. ಆದರೂ ಮಿತೋಕಾ ಅವರ ಕಿಶಿಗಾವಾ ಕೆಲಸಗಳಲ್ಲಿ ನನ್ನ ಆಯ್ಕೆ ಮೊದಲನೆಯದು, 2006ರ ಸ್ಟ್ರಾಬೆರಿ ರೈಲು. ಕಿಶಿಯ ಸುತ್ತ ಬೆಳೆಯುವ ಹಣ್ಣೇ ಅದರ ವಸ್ತು. ಮರದ ನೆಲ, ಮರದ ಬೆಂಚು. ಅದರೊಳಗೆ, ನವೀಕರಣಕ್ಕೆ ಹಣ ಕೊಟ್ಟವರ ಹೆಸರುಗಳ ಫಲಕವಿದೆ. ತಾಮಾ ರೈಲಿನ 101 ಚಿತ್ರಗಳಿಗಿಂತ ಈ ಹೆಸರುಗಳ ಸಾಲು ಹೆಚ್ಚು ನಿಜ ಹೇಳುತ್ತದೆ: ಈ ರೈಲು ಯಾರದು ಎಂಬ ಪ್ರಶ್ನೆಗೆ ಡಬ್ಬಿಯ ಒಳಗೋಡೆಯಲ್ಲೇ ಉತ್ತರ. ಆಮೇಲಿನ ರೈಲುಗಳಲ್ಲಿ ವಸ್ತು ಕ್ರಮೇಣ ಊರಿನಿಂದ ಕಂಪನಿಯ ಮ್ಯಾಸ್ಕಾಟ್‌ಗೆ ಸರಿಯಿತು. ಇದನ್ನು ನಾನು ಕಲೆಯ ಇಳಿಕೆ ಎಂದೇ ಎಣಿಸುತ್ತೇನೆ, ಮಾರಾಟದ ಏರಿಕೆ ಎಂದು ಯಾರಾದರೂ ವಾದಿಸಿದರೆ ಅಡ್ಡಿಯಿಲ್ಲ.

ಫೋಟೊಗೆ ಸಿಗದ ಇನ್ನೊಂದು ಕೆಲಸ 2012ರಲ್ಲಿ ನಡೆಯಿತು. ತಂತಿಯ ವಿದ್ಯುತ್ ಒತ್ತಡವನ್ನು 600 ವೋಲ್ಟ್‌ನಿಂದ 1500ಕ್ಕೆ ಏರಿಸಿದರು. ಒತ್ತಡ ಹೆಚ್ಚಾದಷ್ಟೂ ದಾರಿಯಲ್ಲಿ ಸೋರುವ ವಿದ್ಯುತ್ ಕಡಿಮೆ. ಜಪಾನಿನ ಬಹುಪಾಲು ಉಪನಗರ ಮಾರ್ಗಗಳು ಬಳಸುವುದೂ ಇದನ್ನೇ, ಹಾಗಾಗಿ ಬಿಡಿಭಾಗಕ್ಕೆ, ಮುಂದೆ ಹಳೆಯ ಡಬ್ಬಿ ಕೊಳ್ಳುವುದಕ್ಕೆ ದಾರಿ ಸುಲಭ. ಹಳ್ಳಿಗಾಡಿನ ರೈಲು ಉಳಿಯುವುದು ಇಂಥ ಕೆಲಸಗಳಿಂದ: ಸ್ಲೀಪರ್ ಬದಲಿಸುವುದು, ಸಬ್‌ಸ್ಟೇಷನ್ ನವೀಕರಿಸುವುದು, ಲೆವೆಲ್ ಕ್ರಾಸಿಂಗ್ ಸರಿಪಡಿಸುವುದು. ಇದರ ದುಡ್ಡು ಟಿಕೆಟ್ಟಿನಿಂದ ಹುಟ್ಟುವುದಿಲ್ಲ, ಬೆಕ್ಕಿನ ಚಿತ್ರವಿರುವ ಕೀಚೈನಿನಿಂದಲೂ ಹುಟ್ಟುವುದಿಲ್ಲ.

ಇಂಥ ಓದು ಕಿಶಿಗೆ ಮಾತ್ರ ಸೀಮಿತವಲ್ಲ. ಹೊಕ್ಕೈದೊದ ಕ್ಯೂ-ಶಿರಾತಾಕಿ ನಿಲ್ದಾಣವನ್ನು ಒಬ್ಬ ಹೈಸ್ಕೂಲು ಹುಡುಗಿಗಾಗಿಯೇ ತೆರೆದಿಟ್ಟಿದ್ದರು ಎಂಬ 2016ರ ಕಥೆಯೂ ನಿಮಗೆ ಗೊತ್ತು. ಆ ನಿಲ್ದಾಣ ಮುಚ್ಚಿದ್ದು ಮಾರ್ಚ್ 26ರಂದು, ಜಪಾನಿನ ರೈಲ್ವೆಗಳು ಪ್ರತಿ ವಸಂತದಲ್ಲಿ ಮಾಡುವ ವೇಳಾಪಟ್ಟಿ ಬದಲಾವಣೆ ಆ ವರ್ಷ ಜಾರಿಗೆ ಬಂದ ದಿನ. ಶಾಲಾ ವರ್ಷ ಮುಗಿಯುವುದೂ ಅದೇ ತಿಂಗಳು. ಎರಡೂ ಕೂಡಿಬಂದದ್ದನ್ನು ಕರುಣೆ ಎಂದು ಓದಿದರು. ಎರಡೂ ಕಥೆಗಳ ವ್ಯಾಕರಣ ಒಂದೇ: ರೈಲು ಓಡುವುದು ಯಾರದೋ ಒಳ್ಳೆಯ ಮನಸ್ಸಿನಿಂದ, ನಿಲ್ಲುವುದು ವಿಧಿಯಿಂದ. ನಡುವಿನ ಕಾನೂನು, ಬಜೆಟ್, ಪ್ರಾಂತದ ಸಭೆ, ಮತದಾರ ಎಲ್ಲ ಅಳಿಸಿಹೋಗುತ್ತಾರೆ. ಹೊಕ್ಕೈದೊದಲ್ಲಿ ಆ ದಶಕದಲ್ಲಿ ಒಂದರ ಹಿಂದೆ ಒಂದು ಮಾರ್ಗ ಮುಚ್ಚಿದಾಗ ಹುಡುಗಿಯ ಕಥೆ ಹಂಚಿಕೊಂಡವರು ಯಾರೂ ಕೇಳಲಿಲ್ಲ.

ಕೊನೆಗೆ, ಬೆಕ್ಕನ್ನು ನೇಮಿಸಿದವರ ಅಭಿಪ್ರಾಯವೇನು ಎಂದು ಕೇಳುವುದು ಒಳ್ಳೆಯದು. ಕೊಜಿಮಾ ಅವರನ್ನು ವಿದೇಶಿ ಮಾಧ್ಯಮಗಳು ಬೆಕ್ಕಿನ ಯಜಮಾನನೆಂದು ತೋರಿಸಿದವು, ಅವರೂ ಆ ಪಾತ್ರವನ್ನು ಸಂತೋಷದಿಂದ ವಹಿಸಿದರು. ಆದರೆ ಜಪಾನಿನೊಳಗೆ ಅವರು ವರ್ಷಗಳಿಂದ ಹೇಳುತ್ತ ಬಂದದ್ದು ಬೇರೆ: ಜನ ಕಡಿಮೆಯಾಗುತ್ತಿರುವ ಪ್ರದೇಶದಲ್ಲಿ ಸಾರಿಗೆಯನ್ನು ಲಾಭದ ವ್ಯವಹಾರವಾಗಿ ನಡೆಸಲಾಗದು, ನೆಲ ಮತ್ತು ಹಳಿ ಸಾರ್ವಜನಿಕರದಾಗಿರಬೇಕು, ಓಡಿಸುವುದು ಖಾಸಗಿಯವರ ಕೆಲಸ. 2018ರ ಫೆಬ್ರವರಿಯಲ್ಲಿ ಅವರ ರ್ಯೋಬಿ ಸಮೂಹ ಒಕಾಯಾಮಾದಲ್ಲಿ ತನ್ನ 78 ಬಸ್ ಮಾರ್ಗಗಳಲ್ಲಿ 31ನ್ನು ಮುಚ್ಚುವುದಾಗಿ ನೋಟಿಸ್ ಸಲ್ಲಿಸಿತು. ಲಾಭದ ಮಾರ್ಗವೊಂದಕ್ಕೆ ಅಗ್ಗದ ದರದ ಪ್ರತಿಸ್ಪರ್ಧಿಗೆ ಅನುಮತಿ ಸಿಗುವುದರಲ್ಲಿತ್ತು. ಆ ಲಾಭ ಹೋದರೆ ನಷ್ಟದ ಮಾರ್ಗಗಳನ್ನು ನಡೆಸುವುದು ಹೇಗೆ ಎಂಬುದು ಅವರ ಪ್ರಶ್ನೆ, ಮತ್ತು ಇಂಥ ಅನುಮತಿಗೆ ದಾರಿ ಕೊಡುವ ಕಾನೂನಿನ ಬಗ್ಗೆ ದೇಶ ಚರ್ಚಿಸಲಿ ಎಂಬುದು ಅವರ ಉದ್ದೇಶ. ಮರುತಿಂಗಳು ನೋಟಿಸ್ ಹಿಂತೆಗೆದುಕೊಂಡರು. ಕಿಶಿಯ ಬೆಕ್ಕಿಗೆ ಟೋಪಿ ತೊಡಿಸಿದ ಅದೇ ಮನುಷ್ಯ ಮಾಡಿದ ಈ ಕೆಲಸ ಜಪಾನಿನಲ್ಲಿ ಗದ್ದಲ ಎಬ್ಬಿಸಿತು. ತಾಮಾಳ ಬಗ್ಗೆ ಪುಟಗಟ್ಟಲೆ ಬರೆದ ಹೊರಗಿನವರಲ್ಲಿ ಇದನ್ನು ಬರೆದವರನ್ನು ನಾನಂತೂ ಕಂಡಿಲ್ಲ.